ಮಣಿ ಮಾಡಿದವರು, ಮಣಿ ಮಾರಿದವರು

ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯ ನೆಲ ಬಹಳ ಉದಾರಿ. ಅಲ್ಲಿ ಶಾತವಾಹನರ ನಾಣ್ಯಗಳು ಸಿಕ್ಕಿವೆ, ರೋಮ್ ಚಕ್ರವರ್ತಿಗಳ ಬೆಳ್ಳಿಯ ನಾಣ್ಯಗಳು ಸಿಕ್ಕಿವೆ, ಮಡಕೆಯ ಚೂರುಗಳಂತೂ ರಾಶಿರಾಶಿಯಾಗಿ ಸಿಕ್ಕಿವೆ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯೂ ಬ್ರಹ್ಮಗಿರಿಯಲ್ಲಿಯೂ ಅಗೆಸಿದಾಗ ಇವುಗಳ ನಡುವೆ ಮಣಿಗಳೂ ಹೊರಬಿದ್ದವು. ನಾಣ್ಯದ ಮೇಲೆ ದೊರೆಯ ಹೆಸರಿರುತ್ತದೆ. ಮಡಕೆಯ ಮೇಲೂ ಒಮ್ಮೊಮ್ಮೆ ಒಡೆಯನ ಗೀರುಗುರುತು ಇರುವುದುಂಟು. ಮಣಿಯ ಮೇಲೆ ಮಾತ್ರ ಏನೂ ಇಲ್ಲ. ಅದನ್ನು ಯಾರು ಮಾಡಿದರು, ಯಾರಿಗೆ ಮಾರಿದರು, ಆ ದಿನದ ಗಂಜಿಗೆ ಅದರಿಂದ ಎಷ್ಟು ಹುಟ್ಟಿತು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಎರಡು ಸಾವಿರ ವರ್ಷ ಮಣ್ಣಿನಲ್ಲಿದ್ದರೂ ಮಣಿ ಉಳಿಯಿತು. ಮಾಡಿದವನ ಗುರುತು ಅವನೊಡನೆಯೇ ಹೋಯಿತು.

ಬಳೆ ಮಾರುವವನನ್ನು ನಾವು ಬಳೆಗಾರನೆನ್ನುತ್ತೇವೆ, ಚಿನ್ನದ ಕೆಲಸದವನನ್ನು ಅಕ್ಕಸಾಲಿಯೆನ್ನುತ್ತೇವೆ. ಗಾಜಿನ ಮಣಿ ಮಾಡುವವನಿಗೆ ಅಷ್ಟೊಂದು ಬಳಕೆಯಾದ ಹೆಸರು ನಮ್ಮ ಮನೆಮಾತಿನಲ್ಲಿಲ್ಲ. ಸಂಸ್ಕೃತದ ಮಣಿಕಾರನು ರತ್ನವನ್ನು ಕೊರೆಯುವವನು, ಗಾಜನ್ನು ಕರಗಿಸುವವನಲ್ಲ. ಹೆಸರಿಲ್ಲದಿರುವುದಕ್ಕೆ ಒಂದು ಕಾರಣವುಂಟು. ಮಾಡಿದವನಿಗೂ ತೊಟ್ಟವಳಿಗೂ ನಡುವೆ ಯಾವಾಗಲೂ ಮೂರನೆಯವನೊಬ್ಬ ನಿಂತಿದ್ದ. ತೊಟ್ಟವಳಿಗೆ ಕಂಡದ್ದು ಅವನ ಮುಖವೇ. ಕಳೆದ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದಲ್ಲಿ ಒಂದು ತಲೆಮಾರಿನ ಕಸುಬುದಾರರು, ಬಹುಮಟ್ಟಿಗೆ ಹೆಂಗಸರು, ಆ ಮೂರನೆಯವನನ್ನು ಬದಿಗೆ ಸರಿಸಿ ತಾವು ಮಾಡಿದ ಮಣಿಯನ್ನು ತಾವೇ ಜಾತ್ರೆಯಲ್ಲಿ ಹರಡಿಕೊಂಡು ಕುಳಿತರು. ಅವರು ಗಳಿಸಿದ್ದೇನು, ಅದಕ್ಕೆ ತೆತ್ತದ್ದೇನು ಎಂಬುದು ಈ ಲೇಖನದ ವಿಷಯ. ಅದು ತಿಳಿಯಬೇಕಾದರೆ ಅವರಿಗಿಂತ ಹಿಂದಿನವರು ಹೇಗೆ ಬದುಕಿದರೆಂಬುದನ್ನು ಮೊದಲು ನೋಡಬೇಕು.

ಎಳೆದ ಮಣಿ, ಸುತ್ತಿದ ಮಣಿ

ಗಾಜಿನ ಮಣಿಯನ್ನು ಕೈಯಿಂದ ಮಾಡುವುದಕ್ಕೆ ಮುಖ್ಯವಾಗಿ ಎರಡು ದಾರಿಗಳು. ಒಂದು, ಕಾದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು ಕತ್ತರಿಸುವುದು. ಇನ್ನೊಂದು, ಕರಗಿದ ಗಾಜನ್ನು ಕಡ್ಡಿಯ ಮೇಲೆ ಸುತ್ತುವುದು.

ಎಳೆಯುವ ವಿದ್ಯೆಯಲ್ಲಿ ನಮ್ಮ ದಕ್ಷಿಣ ದೇಶ ಬಹಳ ಹಿಂದೆಯೇ ಪಳಗಿತ್ತು. ಪುದುಚೇರಿಯ ಬಳಿಯ ಅರಿಕಮೇಡು ಈ ಕಸುಬಿನ ದೊಡ್ಡ ನೆಲೆ. ಅಲ್ಲಿ ೧೯೪೫ರಲ್ಲಿ ವೀಲರ್ ನಡೆಸಿದ ಉತ್ಖನನ ಪ್ರಸಿದ್ಧವಾದುದು. ಸಾಸಿವೆಗಿಂತ ತುಸು ದಪ್ಪದ ಈ ಜಾತಿಯ ಪುಟ್ಟ ಮಣಿಗಳು ಒಂದು ಕಡೆ ಆಫ್ರಿಕದವರೆಗೆ, ಇನ್ನೊಂದು ಕಡೆ ಕೊರಿಯ, ಜಪಾನುಗಳವರೆಗೆ ದೊರೆತಿವೆ. ಪೀಟರ್ ಫ್ರಾನ್ಸಿಸ್ ಎಂಬ ಅಮೆರಿಕನ್ ವಿದ್ವಾಂಸನು ಇವುಗಳಿಗೆ ಇಂಡೋ-ಪೆಸಿಫಿಕ್ ಮಣಿಗಳೆಂದು ಹೆಸರಿಟ್ಟನು. ಇವನ್ನು ಹೇಗೆ ಮಾಡುತ್ತಿದ್ದರೆಂಬುದಕ್ಕೆ ಅವನು ಪುಸ್ತಕವನ್ನಷ್ಟೇ ನಂಬಿ ಕೂರಲಿಲ್ಲ. ತಿರುಪತಿಗೆ ಹತ್ತಿರದ ಪಾಪನಾಯುಡುಪೇಟೆಗೆ ಹೋಗಿ ನೋಡಿದನು. ಆಂಧ್ರದ ಆ ಊರಿನಲ್ಲಿ ೨೦ನೆಯ ಶತಮಾನದ ಕೊನೆಯ ಹೊತ್ತಿಗೂ ಹಳೆಯ ಪದ್ಧತಿ ಜೀವಂತವಾಗಿತ್ತು. ಕಬ್ಬಿಣದ ಉದ್ದನೆಯ ಕೊಳವೆಯ ತುದಿಗೆ ಗಾಜಿನ ಮುದ್ದೆಯನ್ನು ಹತ್ತಿಸಿ, ಅದರ ನಡುವೆ ರಂಧ್ರ ಬಿಡಿಸಿ, ಕುಲುಮೆಯಲ್ಲಿ ಇಡುತ್ತಾರೆ. ಎದುರಿನ ಬಾಯಲ್ಲಿ ಕುಳಿತವನು ಕೊಕ್ಕೆಯಿಂದ ಗಾಜಿನ ತುದಿ ಹಿಡಿದು, ಹಗ್ಗ ಸೇದುವಂತೆ ಕೈಗೆ ಕೈ ಬದಲಾಯಿಸುತ್ತ ಎಳೆಯುತ್ತಲೇ ಇರುತ್ತಾನೆ. ನೂಲಿನಂತೆ ಸಣ್ಣದಾಗಿ, ನೂಲಿನಂತೆ ಉದ್ದವಾಗಿ, ಒಳಗೆ ಟೊಳ್ಳಾಗಿ ಗಾಜು ಬರುತ್ತದೆ. ಅದನ್ನು ಚೂರುಚೂರಾಗಿ ಕತ್ತರಿಸುವುದು ಹೆಂಗಸರ ಪಾಲಿನ ಕೆಲಸ. ಆ ಚೂರುಗಳನ್ನು ಬೂದಿಯಲ್ಲಿ ಹಾಕಿ ಮತ್ತೆ ಕಾಯಿಸಿದರೆ ಅಂಚು ಕರಗಿ ಮಣಿ ದುಂಡಗಾಗುತ್ತದೆ. ಇಷ್ಟು ಕೈಗಳ ಮೇಲೆ ಹಾದುಬಂದ ಮಣಿಗೆ ಒಬ್ಬನ ಹೆಸರನ್ನು ಹಚ್ಚುವುದಾದರೂ ಹೇಗೆ?

ಸುತ್ತಿದ ಮಣಿಯ ಕಥೆ ಬೇರೆ. ಅದು ಒಂದೊಂದಾಗಿಯೇ ಆಗಬೇಕು, ಒಬ್ಬರ ಕೈಯಲ್ಲಿಯೇ ಆಗಬೇಕು. ಒಂದು ಕೈಯಲ್ಲಿ ಗಾಜಿನ ಕಡ್ಡಿಯನ್ನು ದೀಪದ ಉರಿಗೆ ಹಿಡಿದು ಕರಗಿಸಿ, ಇನ್ನೊಂದು ಕೈಯಲ್ಲಿ ಲೋಹದ ಸಣ್ಣ ಸರಳನ್ನು ತಿರುಗಿಸುತ್ತ, ಜೇನು ಚಮಚಕ್ಕೆ ಸುತ್ತಿಕೊಳ್ಳುವಂತೆ ಗಾಜನ್ನು ಸುತ್ತಿಕೊಳ್ಳಬೇಕು. ಈ ಕುಶಲತೆಯನ್ನು ದೊಡ್ಡ ವ್ಯಾಪಾರವಾಗಿ ಬೆಳೆಸಿದ ಊರು ವೆನಿಸ್.

ವೆನಿಸಿನ ಬಾಗಿಲುಗಳಲ್ಲಿ

ವೆನಿಸಿನ ಸರ್ಕಾರ ೧೨೯೧ರಲ್ಲಿ ಗಾಜಿನ ಕುಲುಮೆಗಳನ್ನೆಲ್ಲ ಮುರಾನೊ ದ್ವೀಪಕ್ಕೆ ಸಾಗಹಾಕಿತು. ಊರಿಗೆ ಬೆಂಕಿ ಬಿದ್ದೀತೆಂಬ ಭಯ ಒಂದು ಕಾರಣ. ವಿದ್ಯೆ ಕೈತಪ್ಪದಂತೆ ಕಾಯುವುದಕ್ಕೂ ಇದರಿಂದ ಅನುಕೂಲವಾಯಿತು. ಅಲ್ಲಿನ ಕಸುಬುದಾರ ದೇಶ ಬಿಟ್ಟು ಹೋಗುವಂತಿರಲಿಲ್ಲ. ಆ ಕಾಲದ ದಾಖಲೆಗಳಲ್ಲಿ ಒಬ್ಬ ಹೆಂಗಸಿನ ಹೆಸರು ಉಳಿದಿರುವುದು ಆಶ್ಚರ್ಯದ ಸಂಗತಿ. ಬರೋವಿಯರ್ ಮನೆತನದ ಮರಿಯ ಎಂಬಾಕೆಗೆ ೧೪೮೭ರಲ್ಲಿ ತನ್ನದೇ ಒಂದು ಚಿಕ್ಕ ಕುಲುಮೆ ಇಟ್ಟುಕೊಳ್ಳಲು ಅಪ್ಪಣೆ ದೊರೆಯಿತು. ನಕ್ಷತ್ರದ ಗೆರೆಗಳುಳ್ಳ ‘ರೊಸೆಟ್ಟ’ ಮಣಿಯನ್ನು ಕಂಡುಹಿಡಿದವಳು ಈಕೆಯೆಂದು ಹೇಳುವ ವಾಡಿಕೆಯಿದೆ.

ಆದರೆ ಮರಿಯಳು ಸಾವಿರಕ್ಕೊಬ್ಬಳು. ಉಳಿದವರ ಪಾಡು ಹೀಗೆ: ಮುರಾನೊದ ಕುಲುಮೆಯಲ್ಲಿ ಕಡ್ಡಿ ತಯಾರಾಗುವುದು, ಅದು ವೆನಿಸಿನ ಮನೆಮನೆಗಳ ದೀಪದ ಮುಂದೆ ಮಣಿಯಾಗುವುದು, ಬಡವರ ಕೇರಿಗಳಲ್ಲಿ ಹೆಂಗಸರು ಬಾಗಿಲ ಮುಂದೆ ಕುಳಿತು ಸಣ್ಣ ಮಣಿಗಳನ್ನು ಪೋಣಿಸುವುದು. ಈ ಪೋಣಿಸುವವರಿಗೆ ‘ಇಂಪಿರಾರೆಸ್ಸೆ’ ಎಂದು ಹೆಸರು. ಮಡಿಲಲ್ಲಿ ಮಣಿ ತುಂಬಿದ ಮರದ ತಟ್ಟೆ; ಕೈಯಲ್ಲಿ ಬೀಸಣಿಗೆಯಂತೆ ಹರಡಿದ ಹತ್ತಾರು ಉದ್ದನೆಯ ಸೂಜಿಗಳು. ಆ ಸೂಜಿಗಳನ್ನು ಮಣಿರಾಶಿಯೊಳಗೆ ತೂರಿ ತೂರಿ ತೆಗೆದರೆ ಮಣಿಗಳು ತಾವಾಗಿಯೇ ಸೂಜಿ ಹತ್ತುತ್ತಿದ್ದವು. ನೋಡುವವರಿಗೆ ಅದು ಚಿತ್ರದಂಥ ನೋಟ; ಚಿತ್ರಕಾರ ಸಾರ್ಜೆಂಟ್ ಅದನ್ನು ನಿಜವಾಗಿಯೂ ಬರೆದಿದ್ದಾನೆ. ಕುಳಿತವರಿಗೆ ಬೆನ್ನುನೋವು, ಕಣ್ಣುರಿ, ಮೂರು ಕಾಸಿನ ಕೂಲಿ. ಕೆಲಸ ಹಂಚುವ ‘ಮಿಸ್ತ್ರೆ’ ಎಂಬ ನಡುವಿನ ಹೆಂಗಸರು ಆ ಕೂಲಿಯಲ್ಲಿಯೂ ಪಾಲು ಮುರಿದುಕೊಳ್ಳುತ್ತಿದ್ದರು. ೧೯೦೪ರಲ್ಲಿ ಇಂಪಿರಾರೆಸ್ಸೆಯರು ಮುಷ್ಕರ ಹೂಡಿದರು. ೨೦೨೦ರಲ್ಲಿ ಯುನೆಸ್ಕೊ ಸಂಸ್ಥೆ ಇಟಲಿ, ಫ್ರಾನ್ಸ್ ದೇಶಗಳ ಗಾಜುಮಣಿಯ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಮುಷ್ಕರಕ್ಕೂ ಮರ್ಯಾದೆಗೂ ನಡುವೆ ೧೧೬ ವರ್ಷ ಕಳೆದಿದ್ದವು.

ಇತ್ತ ಮಣಿಗಳು ಹಡಗು ಹತ್ತಿ ಎಲ್ಲೆಲ್ಲಿಗೋ ಹೋದವು. ೧೪೯೨ರ ಅಕ್ಟೋಬರ್ ೧೨ರಂದು ಕೊಲಂಬಸ್ ಹೊಸ ದ್ವೀಪದಲ್ಲಿ ಕಾಲಿಟ್ಟಾಗ ಅಲ್ಲಿನ ಜನಕ್ಕೆ ಹಂಚಿದ ವಸ್ತುಗಳಲ್ಲಿ ಗಾಜಿನ ಮಣಿಯೂ ಒಂದು. ಆಫ್ರಿಕದ ಪಶ್ಚಿಮ ತೀರದಲ್ಲಿ ಐರೋಪ್ಯ ವರ್ತಕರು ದಂತಕ್ಕೂ ಚಿನ್ನಕ್ಕೂ ಮಣಿ ಕೊಟ್ಟರು. ಮನುಷ್ಯರನ್ನು ಕೊಳ್ಳುವುದಕ್ಕೂ ಮಣಿ ಕೊಟ್ಟರು. ಉರಿಯ ಮುಂದೆ ಕುಳಿತ ಬಡವಿಗೆ ತನ್ನ ಮಣಿ ಯಾವ ಪಾಪದ ಬೆಲೆಯಾಗಿ ಹೋಯಿತೆಂಬುದು ತಿಳಿಯುವ ದಾರಿಯೇ ಇರಲಿಲ್ಲ.

ಮಣಿಗೆ ಅಂಟಿದ ಇನ್ನೊಂದು ಅಪಖ್ಯಾತಿಯೂ ಉಂಟು. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪವನ್ನು ಡಚ್ಚರು ಒಂದು ಹಿಡಿ ಮಣಿಗೆ ಕೊಂಡರೆಂಬ ಕಥೆಯನ್ನು ಶಾಲೆಯ ಹುಡುಗರೂ ಬಲ್ಲರು. ೧೬೨೬ರ ಡಚ್ ಪತ್ರದಲ್ಲಿ ಇರುವುದು ೬೦ ಗಿಲ್ಡರ್ ಬೆಲೆಯ ಮಾತು ಮಾತ್ರ. ಮಣಿಯ ಸೊಲ್ಲೇ ಇಲ್ಲ. ಮಣಿಗಳು ಈ ಕಥೆಯೊಳಗೆ ನುಸುಳಿದ್ದು ೧೯ನೆಯ ಶತಮಾನದಲ್ಲಿ ಎಂಬುದನ್ನು ಮೇಲೆ ಹೇಳಿದ ಪೀಟರ್ ಫ್ರಾನ್ಸಿಸನೇ ೧೯೮೬ರಲ್ಲಿ ಒಂದು ಪ್ರಬಂಧ ಬರೆದು ತೋರಿಸಿದನು. ಆದರೂ ‘ಮಣಿ ಕೊಟ್ಟು ಮರುಳು ಮಾಡಿದರು’ ಎಂಬ ಮಾತು ನಿಂತುಬಿಟ್ಟಿತು.

ನಮ್ಮ ಸೀಮೆಯಲ್ಲಿ ಗಾಜಿನ ಕಸುಬು ಇರಲಿಲ್ಲವೇ? ಇತ್ತು. ೧೮೦೦-೧೮೦೧ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಈಗ ಹೊಸದುರ್ಗ ತಾಲ್ಲೂಕಿಗೆ ಸೇರಿದ ಮತ್ತೋಡಿನಲ್ಲಿ ಬಳೆಗಾಗಿ ಗಾಜು ತಯಾರಿಸುತ್ತಿದ್ದುದನ್ನು ಕಂಡು ಬರೆದಿಟ್ಟಿದ್ದಾನೆ. ಅಲ್ಲಿಯೂ ಕುಲುಮೆಯ ಮುಂದೆ ಬೆವರು ಸುರಿಸಿದವರ ಹೆಸರು ಊರಿನ ಗಡಿ ದಾಟಲಿಲ್ಲ. ಮಲಾರ ಹೊತ್ತು ಮನೆಬಾಗಿಲಿಗೆ ಬಂದ ಬಳೆಗಾರ ಮಾತ್ರ ನಮ್ಮ ಹಾಡುಗಳನ್ನು ಹೊಕ್ಕು ಕುಳಿತ. ಮಾರಿದವನನ್ನು ನೆನೆಯುವುದು, ಮಾಡಿದವನನ್ನು ಮರೆಯುವುದು ವೆನಿಸಿನ ರೂಢಿಯಷ್ಟೇ ಆಗಿರಲಿಲ್ಲ.

ಮಾಡಿದವಳೇ ಅಂಗಡಿಯಲ್ಲಿ ಕುಳಿತಾಗ

ಅಮೆರಿಕದಲ್ಲಿ ಕೈಕಸುಬಿನ ಜಾತ್ರೆಗಳು ಹುಟ್ಟಿದ್ದು ಬಡತನದ ದಿನಗಳಲ್ಲಿ. ದೇಶವೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿದ್ದಾಗ, ೧೯೩೩ರಲ್ಲಿ, ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಕಸುಬುದಾರರ ಸಂಘ ತನ್ನ ಮೊದಲ ಜಾತ್ರೆಯನ್ನು ಸೇರಿಸಿತು. ಐಲೀನ್ ಆಸ್ಬರ್ನ್ ವೆಬ್ ಎಂಬ ಶ್ರೀಮಂತ ಮಹಿಳೆ ಹಳ್ಳಿಯ ಕೈಕೆಲಸಕ್ಕೆ ಪಟ್ಟಣದಲ್ಲಿ ಗಿರಾಕಿ ದೊರಕಿಸಲು ೧೯೪೦ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆಸಿದರು. ಮುಂದೆ ಅಮೆರಿಕನ್ ಕ್ರಾಫ್ಟ್ ಕೌನ್ಸಿಲ್ ಎಂದು ಹೆಸರಾದ ಸಂಸ್ಥೆಯನ್ನು ಕಟ್ಟಿದವರೂ ಅವರೇ. ೧೯೬೦ರಲ್ಲಿ ಮಿಷಿಗನ್ನಿನ ಆನ್ ಆರ್ಬರ್ ಪಟ್ಟಣದ ಬೀದಿಯಲ್ಲಿ ಕಲಾಜಾತ್ರೆ ಆರಂಭವಾಯಿತು. ೧೯೬೬ರಲ್ಲಿ ವರ್ಮಾಂಟಿನ ಸ್ಟೋ ಎಂಬ ಊರಿನಲ್ಲಿ ಕೌನ್ಸಿಲ್ಲಿನ ಜಾತ್ರೆ ನಡೆಯಿತು. ಇಂಥ ಜಾತ್ರೆಗಳಲ್ಲಿ ಒಂದು ಕಟ್ಟುಪಾಡು ಬಳಕೆಗೆ ಬಂತು: ಮಾಡಿದವರು ತಾವೇ ಬಂದು ಮಳಿಗೆಯಲ್ಲಿ ಕೂರಬೇಕು, ಗುಮಾಸ್ತನನ್ನು ಕಳಿಸಕೂಡದು, ಕೊಂಡು ತಂದ ಸರಕನ್ನು ಇಡಕೂಡದು. ಐನೂರು ವರ್ಷ ನಡುವೆ ನಿಂತಿದ್ದ ಮೂರನೆಯವನಿಗೆ ಅಲ್ಲಿ ಪ್ರವೇಶವಿರಲಿಲ್ಲ.

ಗಾಜು ಈ ಜಾತ್ರೆಗೆ ಬಂದದ್ದು ತುಸು ತಡವಾಗಿ. ಕುಲುಮೆಯೆಂದರೆ ಕಾರ್ಖಾನೆ ಎಂಬ ಎಣಿಕೆಯಿತ್ತು. ೧೯೬೨ರಲ್ಲಿ ಟೊಲಿಡೊ ನಗರದ ಕಲಾಸಂಗ್ರಹಾಲಯದ ಆವರಣದಲ್ಲಿ ಹಾರ್ವಿ ಲಿಟಲ್‌ಟನ್ ಮತ್ತು ಡಾಮಿನಿಕ್ ಲಬೈನೊ ಅವರು ಒಬ್ಬ ಕಲಾವಿದ ತನ್ನ ಕೊಟ್ಟಿಗೆಯಲ್ಲಿಯೇ ಇಟ್ಟುಕೊಳ್ಳಬಹುದಾದ ಚಿಕ್ಕ ಕುಲುಮೆಯಲ್ಲಿ ಗಾಜು ಕರಗಿಸಿ ತೋರಿಸಿದರು. ಅಲ್ಲಿಂದ ಮುಂದೆ ಊದುಗಾಜಿನ ಹೂಜಿ, ಬಟ್ಟಲುಗಳು ಜಾತ್ರೆಯಲ್ಲಿ ಮೆರೆದವು. ಮಣಿಗೆ ಇನ್ನೂ ಸುಮಾರು ೩೦ ವರ್ಷ ಬೇಕಾಯಿತು. ವೆನಿಸಿನ ದೀಪದ ಕೆಲಸವನ್ನು ಪುಸ್ತಕ ನೋಡಿ, ಮಣಿ ನೋಡಿ, ಒಬ್ಬರನ್ನೊಬ್ಬರು ಕೇಳಿ ಕಲಿತವರು ೧೯೯೩ರಲ್ಲಿ ಮಣಿ ಮಾಡುವವರ ಒಂದು ಸಂಘವನ್ನು ಕಟ್ಟಿಕೊಂಡರು. ವಂಶಪಾರಂಪರ್ಯವಾಗಿ ಬಚ್ಚಿಟ್ಟುಕೊಂಡು ಬಂದ ವಿದ್ಯೆ ತರಗತಿಗಳಲ್ಲಿ, ಪುಸ್ತಕಗಳಲ್ಲಿ ಬಹಿರಂಗವಾಯಿತು. ಸ್ವಾರಸ್ಯವೇನೆಂದರೆ, ಇವರಲ್ಲಿ ಬಹುಮಂದಿ ಕರಗಿಸಿದ ಗಾಜಿನ ಕಡ್ಡಿ ಬರುತ್ತಿದ್ದುದು ಮುರಾನೊದ ಮೊರೆಟ್ಟಿ ಮನೆತನದ ಹೆಸರಿನ ಕಾರ್ಖಾನೆಯಿಂದಲೇ. ಕಡ್ಡಿ ಹಳೆಯದೇ, ಕುಳಿತ ಬಾಗಿಲು ಬೇರೆ.

ಈ ಕೆಲಸದ ರೀತಿ ಹೀಗಿದೆ. ಮೇಜಿಗೆ ಬಿಗಿದ ಪುಟ್ಟ ಉರಿಗೊಳವೆಗೆ ಪ್ರೊಪೇನ್ ಅನಿಲವನ್ನೂ ಆಮ್ಲಜನಕವನ್ನೂ ಹರಿಸಬೇಕು. ಉಕ್ಕಿನ ಸರಳಿಗೆ ಜೇಡಿಮಣ್ಣಿನಂಥ ಲೇಪ ಹಚ್ಚಿರಬೇಕು. ಇಲ್ಲದಿದ್ದರೆ ಮಣಿ ಸರಳಿಗೆ ಅಂಟಿ ಬಿಡುವುದೇ ಇಲ್ಲ. ಕಾದ ಗಾಜಿನಿಂದ ಹೊಮ್ಮುವ ಹಳದಿ ಬೆಳಕು ಕೆಲಸವನ್ನೇ ಮರೆಮಾಡುತ್ತದೆ. ಆದ್ದರಿಂದ ಅದನ್ನು ತಡೆಯುವ ಡಿಡಿಮಿಯಮ್ ಗಾಜಿನ ಕನ್ನಡಕ ಬೇಕು. ಸರಳನ್ನು ತಿರುಗಿಸುವುದು ಅರೆಗಳಿಗೆ ನಿಂತರೂ ಗಾಜು ಜೋತುಬೀಳುತ್ತದೆ. ಮಣಿಯ ಮೈಮೇಲೆ ಕೂದಲೆಳೆಯಷ್ಟು ಸಣ್ಣ ಗಾಜಿನಿಂದ ಹೂ, ಚುಕ್ಕೆ, ಬಳ್ಳಿ ಬರೆಯಬೇಕು. ಸಾದಾ ಮಣಿಗೆ ಕೆಲವು ನಿಮಿಷ ಸಾಕು. ಚಿತ್ರದ ಮಣಿಗೆ ಒಂದು ಗಂಟೆ ಹಿಡಿದರೂ ಹಿಡಿಯಿತು. ಆದ ಮಣಿಯನ್ನು ಹಾಗೆಯೇ ತಣ್ಣಗಾಗಲು ಬಿಡುವಂತಿಲ್ಲ. ಸುಮಾರು ೫೧೦ ಡಿಗ್ರಿ ಸೆಂಟಿಗ್ರೇಡಿನ ಗೂಡಿನಲ್ಲಿಟ್ಟು ಬಹಳ ನಿಧಾನವಾಗಿ ಶಾಖ ಇಳಿಸಬೇಕು. ಅವಸರಪಟ್ಟರೆ ಗಾಜು ಒಳಗಿನ ಬಿಗಿತವನ್ನು ಬಚ್ಚಿಟ್ಟುಕೊಂಡು, ತಿಂಗಳುಗಳಾದ ಮೇಲೆ ಕೊಂಡವಳ ಕೊರಳಿನಲ್ಲಿ ಬಿರಿಯಬಹುದು. ಹೆಸರು ಹಾಕಿ ಮಾರುವವಳಿಗೆ ಆ ಬಿರುಕು ತನ್ನ ಹೆಸರಿನಲ್ಲಿಯೇ ಬಿದ್ದಂತೆ.

ಇದು ಮನೆಯೊಳಗಿನ ಅರ್ಧ. ಇನ್ನರ್ಧ ಬಯಲಿನದು. ಚಳಿಗಾಲವೆಲ್ಲ ಮಣಿ ಮಾಡಿ, ಬೆಳ್ಳಿಯ ತಂತಿಯಲ್ಲಿ ಕಟ್ಟಿ ಸರಕನ್ನು ಕೂಡಿಹಾಕಬೇಕು. ಅದೇ ಚಳಿಗಾಲದಲ್ಲಿ ಮುಂದಿನ ಬೇಸಗೆಯ ಜಾತ್ರೆಗಳಿಗೆ ಅರ್ಜಿ ಹಾಕಬೇಕು. ಒಡವೆಯ ಕೆಲವು ಚಿತ್ರಗಳು, ಮಳಿಗೆಯದೊಂದು ಚಿತ್ರ. ಇವುಗಳನ್ನು ಆಯ್ಕೆಯ ಮಂಡಲಿ ಕ್ಷಣಮಾತ್ರ ನೋಡಿ ಬೇಕು, ಬೇಡ ಎನ್ನುತ್ತದೆ. ಹಿಂದೆ ಸ್ಲೈಡುಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು. ಈಗ ಕಂಪ್ಯೂಟರಿನಲ್ಲಿ ಕಳಿಸುತ್ತಾರೆ. ಅರ್ಜಿಯ ಶುಲ್ಕ ಹಿಂದಕ್ಕೆ ಬರುವುದಿಲ್ಲ. ಒಡವೆಯ ವಿಭಾಗಕ್ಕೆ ಬರುವ ಅರ್ಜಿಗಳು ಎಲ್ಲದಕ್ಕಿಂತ ಹೆಚ್ಚಾದ್ದರಿಂದ ಹಲವರಿಗೆ ನಿರಾಶೆಯೇ ಗತಿ. ಆಯ್ಕೆಯಾದರೆ ಜಾಗದ ಬಾಡಿಗೆ ಬೇರೆ. ಹತ್ತಡಿ ಉದ್ದ, ಹತ್ತಡಿ ಅಗಲದ ಬಿಳಿಯ ಡೇರೆ. ಬೆಳಗಿನ ಜಾವಕ್ಕೆ ವಾಹನದಿಂದ ಎಲ್ಲವನ್ನೂ ಇಳಿಸಿ ಅದನ್ನು ನಿಲ್ಲಿಸಬೇಕು, ಗಾಳಿಗೆ ಹಾರದಂತೆ ಕಾಲುಗಳಿಗೆ ಭಾರ ಕಟ್ಟಬೇಕು. ಬೇಸಗೆಯ ಒಂದು ಬಿರುಗಾಳಿ ಚಳಿಗಾಲದ ದುಡಿಮೆಯನ್ನೆಲ್ಲ ನೆಲಕ್ಕೆ ಕೆಡವಬಲ್ಲದು. ಗಾಜೆಂದ ಮೇಲೆ ಬೇರೆ ಹೇಳಬೇಕೆ?

ಗಿರಾಕಿ ಬಂದು ಕೈಯಲ್ಲಿ ಮಣಿ ಹಿಡಿದು ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: ‘ಇದನ್ನು ನೀವೇ ಮಾಡಿದಿರಾ?’ ದಿನಕ್ಕೆ ನೂರು ಸಲ ಕೇಳಿಸಿಕೊಂಡಾಗ ಬೇಸರವಾಗುವ ಮಾತೇ ಸರಿ. ಆದರೆ ಇತಿಹಾಸದ ಕಣ್ಣಿನಿಂದ ನೋಡಿದರೆ ಆ ಪ್ರಶ್ನೆ ಸಣ್ಣದಲ್ಲ. ಅರಿಕಮೇಡಿನವನನ್ನು ಯಾರೂ ಹಾಗೆ ಕೇಳಲಿಲ್ಲ. ವೆನಿಸಿನ ಬಾಗಿಲಲ್ಲಿ ಕುಳಿತವಳನ್ನು, ಅವಳ ಮಣಿ ತೊಟ್ಟ ಯಾವ ಹೆಂಗಸೂ ಬಂದು ಕೇಳಲಿಲ್ಲ.

ಹೆಸರಿನ ಬೆಲೆ

ಮೂರನೆಯವನನ್ನು ಕಳೆದುಕೊಂಡದ್ದರಿಂದ ಲಾಭ ಪೂರ್ತಿ ತನ್ನದಾಯಿತೇ ಎಂದರೆ, ಆಯಿತು. ಆದರೆ ಅವನ ನಷ್ಟವೂ ತನ್ನದಾಯಿತು. ವರ್ತಕನ ತಲೆಯ ಮೇಲಿದ್ದ ಮಳೆ, ಬಾಡಿಗೆ, ತೆರಿಗೆ, ಮಾರದೆ ಉಳಿದ ಸರಕು ಎಲ್ಲವೂ ಮಾಡುವವಳ ತಲೆಗೆ ಬಂದವು. ಮೈಗೆ ಆಲಸ್ಯವಾದರೆ ಸಂಬಳದ ರಜೆಯಿಲ್ಲ. ಸ್ವಂತ ಉದ್ಯೋಗದವರು ಆಸ್ಪತ್ರೆಯ ವಿಮೆಯನ್ನೂ ತಾವೇ ಕೊಂಡುಕೊಳ್ಳಬೇಕಾದ ದೇಶ ಅದು. ಜಾತ್ರೆಯವರಲ್ಲಿ ಯಾರಿಗಾದರೂ ಬೆಂಕಿ, ನೆರೆ, ಕಾಯಿಲೆಗಳ ಪೆಟ್ಟು ಬಿದ್ದರೆ ಅಕ್ಕಪಕ್ಕದ ಮಳಿಗೆಯವರು ಟೋಪಿ ಹಿಡಿದು ಚಂದಾ ಎತ್ತುತ್ತಿದ್ದರು. ಆ ಪದ್ಧತಿಯೇ ೧೯೮೫ರಲ್ಲಿ ಕಸುಬುದಾರರ ಆಪತ್ಕಾಲದ ನಿಧಿಯಾಗಿ ರೂಪುಗೊಂಡಿತು. ೨೦೨೦ರಲ್ಲಿ ಕೊರೊನಾ ಪಿಡುಗಿನಿಂದ ಆನ್ ಆರ್ಬರಿನದೂ ಸೇರಿ ಜಾತ್ರೆಗಳು ನಿಂತುಹೋದಾಗ, ಒಂದೇ ಬೇಸಗೆಯ ಮಾರಾಟದ ಮೇಲೆ ವರ್ಷವನ್ನೆಲ್ಲ ನೂಕುವವರ ಬದುಕು ಎಷ್ಟು ತೆಳುವಾದ ದಾರದ ಮೇಲೆ ನಿಂತಿದೆಯೆಂಬುದು ಎಲ್ಲರಿಗೂ ಕಂಡಿತು.

ಇದಕ್ಕಿಂತ ತೊಡಕಾದ ಸಮಸ್ಯೆಯೊಂದು ಬಂದದ್ದು ಮಾರುಕಟ್ಟೆಯಿಂದ. ೧೯೯೦ರ ದಶಕದ ಕೊನೆಯ ಹೊತ್ತಿಗೆ ಚೀನದಿಂದಲೂ ಭಾರತದಿಂದಲೂ ಅಗ್ಗದ ಮಣಿಗಳು ಅಮೆರಿಕಕ್ಕೆ ಹೇರಳವಾಗಿ ಬಂದಿಳಿದವು. ಜಾತ್ರೆಯಲ್ಲಿ ಒಂದು ಮಣಿಗೆ ಕೇಳುವ ಬೆಲೆಗೆ ಅಂಗಡಿಯಲ್ಲಿ ಅಂಥದೇ ಬಣ್ಣದ ಒಂದು ಸರವೇ ಸಿಕ್ಕಿತು. ಜಾತ್ರೆಯವರು ‘ನಮ್ಮದು ಕೈಯಿಂದ ಮಾಡಿದ್ದು’ ಎಂದರು. ನಿಜವೇ. ಆದರೆ ಆ ಅಗ್ಗದ ಮಣಿಯಾದರೂ ಯಂತ್ರ ಉದುರಿಸಿದ್ದೇ? ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯಲ್ಲಿ ಪುರದಿಲ್‌ನಗರ ಎಂಬ ಊರಿದೆ. ಅಲ್ಲಿ ಮನೆಮನೆಯಲ್ಲಿಯೂ ಉರಿಯ ಮುಂದೆ ಕುಳಿತು, ಕಡ್ಡಿ ಕರಗಿಸಿ, ಸರಳಿಗೆ ಸುತ್ತಿ ಮಣಿ ಮಾಡುತ್ತಾರೆ. ಅದೂ ಕೈಯೇ, ಅದೂ ಉರಿಯೇ, ಅದೂ ಒಂದೊಂದಾಗಿಯೇ ಆದ ಮಣಿ. ನಡುವೆ ವರ್ತಕನಿದ್ದಾನೆ, ರಫ್ತುದಾರನಿದ್ದಾನೆ, ಆಮದುದಾರನಿದ್ದಾನೆ. ಮಾಡಿದವನ ಹೆಸರು ಮೊದಲ ಕೈಯಲ್ಲಿಯೇ ಕಳಚಿಕೊಂಡಿತು. ವೆನಿಸಿನ ಹಳೆಯ ವ್ಯವಸ್ಥೆ ಸಾಯಲಿಲ್ಲ. ಊರು ಬದಲಾಯಿಸಿ ನಮ್ಮ ದೇಶಕ್ಕೆ ಬಂದು ನೆಲೆಸಿತು.

ಆದ್ದರಿಂದ ಕೈ ಮತ್ತು ಯಂತ್ರಗಳ ಜಗಳವೆಂದು ಇದನ್ನು ಬಗೆಯುವುದು ಸರಿಯಾಗಲಾರದು. ಇದು ಹೆಸರುಳ್ಳ ಕೈಗೂ ಹೆಸರಿಲ್ಲದ ಕೈಗೂ ಇರುವ ಅಂತರ. ಒಬ್ಬಳ ಎದುರಿಗೆ ಕೊಳ್ಳುವವರು ಬಂದು ನಿಲ್ಲುತ್ತಾರೆ; ತನ್ನ ಒಂದು ಗಂಟೆಗೆ ಇಷ್ಟು ಬೆಲೆಯೆಂದು ಅವಳು ಹೇಳಬಲ್ಲಳು, ಒಪ್ಪದವರಿಗೆ ಇಲ್ಲವೆನ್ನಬಲ್ಲಳು. ಇನ್ನೊಬ್ಬನಿಗೆ ಲೆಕ್ಕ ಬರುವುದು ತೂಕದಲ್ಲಿ. ಮಣಿ ಅವನ ಕೈಯಿಂದ ಹೊರಟ ಮೇಲೆ ಅದು ಯಾವ ಖಂಡ ಸೇರಿತು, ಯಾವ ಬೆಲೆಗೆ ಹೋಯಿತು ಎಂಬುದು ಅವನ ಕಿವಿಗೆ ಬೀಳುವುದಿಲ್ಲ. ಅಮೆರಿಕದ ಮಣಿ ಮಾಡುವವಳು ಬಿರುಗಾಳಿಯ ಕೆಳಗೆ ಡೇರೆ ಹಿಡಿದುಕೊಂಡು ನಿಂತದ್ದು ಈ ಒಂದು ಅಧಿಕಾರಕ್ಕಾಗಿ. ಅದನ್ನು ಪುರದಿಲ್‌ನಗರದವನಿಗೂ ದೊರಕಿಸುವ ದಾರಿಯನ್ನು ಆ ಜಾತ್ರೆಗಳು ಕಂಡುಕೊಳ್ಳಲಿಲ್ಲ. ಕಂಡುಕೊಳ್ಳಬೇಕಾದ ಹೊಣೆ ಅವರದಕ್ಕಿಂತ ಹೆಚ್ಚಾಗಿ ನಮ್ಮದು.

ನಮ್ಮ ಮನೆಗಳಲ್ಲಿ ಮಾಂಗಲ್ಯದ ಸರ ಮಾಡಿಸುವಾಗ ಚಿನ್ನದ ತೂಕವನ್ನು ಗುಲಗಂಜಿಯಷ್ಟೂ ಬಿಡದೆ ವಿಚಾರಿಸುತ್ತೇವೆ. ಮಾಡಿಕೊಟ್ಟ ಅಕ್ಕಸಾಲಿಯ ಹೆಸರನ್ನು ಮೂರು ತಲೆಮಾರು ನೆನಪಿಟ್ಟುಕೊಂಡು ಮಾತನಾಡುತ್ತೇವೆ. ಆ ಸರದಲ್ಲಿ ಚಿನ್ನದ ಗುಂಡುಗಳಿಗಿಂತ ಹೆಚ್ಚಾಗಿರುವುದು ಕರಿಮಣಿ. ಸರಕ್ಕೆ ಹೆಸರು ಬಂದದ್ದೂ ಅದರಿಂದಲೇ. ಕಾಸಿಗೆ ಕೊಸರು ಎಂಬಂತೆ ಪೊಟ್ಟಣದಲ್ಲಿ ಕಟ್ಟಿಕೊಡುವ ಆ ಕಪ್ಪು ಗಾಜಿನ ಕಾಳುಗಳನ್ನು ಯಾವ ಊರಿನಲ್ಲಿ, ಯಾವ ಉರಿಯ ಮುಂದೆ, ಯಾರು ಮಾಡಿದರೆಂದು ಅಂಗಡಿಯಲ್ಲಿ ಕೇಳಿದವರನ್ನು ಕಾಣೆ. ಕೇಳಿದರೆ ಅಂಗಡಿಯವನಿಗೂ ಬಹುಶಃ ತಿಳಿದಿರಲಾರದು. ಆದರೂ ಕೇಳುವುದು ಒಳ್ಳೆಯದು. ನಾಲ್ಕು ಜನ ಕೇಳಿದರೆ ಅವನೂ ತನಗೆ ಮಾರಿದವನನ್ನು ಕೇಳಿಯಾನು. ಹಾಗೆ ಕೇಳುತ್ತ ಹೋದರೆ, ಎಲ್ಲೋ ಒಂದು ಕಡೆ, ಕುಲುಮೆಯ ಮುಂದೆ ಕುಳಿತವನಿಗೆ ಆ ಪ್ರಶ್ನೆ ಮುಟ್ಟೀತು.